ಎತ್ತರದ ದಾರಿಗೆ ದಿನದ ಲೆಕ್ಕ

ದೇಹೂ ರೋಡ್, ನಿಗಡಿ, ಆಕುರ್ಡಿ, ತಳೇಗಾಂವ್ ಭಾಗದಲ್ಲಿ ನೆಲೆ ನಿಂತ ಕನ್ನಡದ ಮನೆಗಳಲ್ಲಿ ಹಿಮಾಲಯದ ಚಾರಣ ಈಗ ಅಪರೂಪದ ಮಾತಲ್ಲ. ಕೇದಾರಕಂಠ, ಹಂಪ್ಟಾ ಪಾಸ್, ಸಾರ್ ಪಾಸ್, ಹರ್ ಕೀ ದೂನ್ ಎಂಬ ಹೆಸರುಗಳು ಕಾರ್ಖಾನೆಯ ಕ್ಯಾಂಟೀನಿನಲ್ಲೂ ಕಾಲೇಜಿನ ಕಟ್ಟೆಯ ಮೇಲೂ ಕೇಳಿಬರುತ್ತವೆ. ಹೊರಡುವುದೆಂದು ತೀರ್ಮಾನವಾದೊಡನೆ ಮಾತು ಬೂಟು, ಜಾಕೆಟ್ಟು, ಬೆನ್ನಚೀಲ, ರೈಲಿನ ಟಿಕೆಟ್ಟು, ತಲೆಗೆ ಬೀಳುವ ಖರ್ಚು ಇವುಗಳ ಸುತ್ತ ತಿರುಗುತ್ತದೆ. ಇವೆಲ್ಲ ಬೇಕಾದವೇ. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನು ನಾವು ಕೊನೆಯಲ್ಲಿ ಕೇಳುತ್ತೇವೆ, ಅದನ್ನೂ ತಲೆಕೆಳಗಾಗಿ ಕೇಳುತ್ತೇವೆ: ಸಿಕ್ಕಿರುವ ರಜೆ ಇಷ್ಟು, ಇಷ್ಟರಲ್ಲಿ ಯಾವ ಶಿಖರ ಮುಗಿಸಿಬರಬಹುದು? ಇಂದಿನ ಮಾತಿನಲ್ಲಿ ನಾನು ಒಂದೇ ವಿಷಯವನ್ನು ವಾದಿಸಬೇಕೆಂದಿದ್ದೇನೆ. ಎತ್ತರದ ಬೆಟ್ಟಕ್ಕೆ ಹೊರಡುವವರು ಕೊಂಡೊಯ್ಯಬೇಕಾದ ಸಾಮಗ್ರಿಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ದಿನ. ದೇಹ ಎತ್ತರಕ್ಕೆ ಒಗ್ಗಲು ಒಂದಷ್ಟು ದಿನ, ಹವೆ ಕೆಟ್ಟರೆ ಕಾಯಲು ಒಂದು ದಿನ. ಇವೆರಡನ್ನು ಮೊದಲು ಬರೆದಿಟ್ಟುಕೊಂಡು ಉಳಿದದ್ದನ್ನು ಅದರ ಸುತ್ತ ಹೊಂದಿಸಬೇಕು. ಅಷ್ಟು ದಿನ ಕೈಯಲ್ಲಿಲ್ಲದಿದ್ದರೆ ದಿನಗಳಿಗೆ ಕತ್ತರಿ ಹಾಕಬಾರದು, ಗುರಿಯ ಎತ್ತರವನ್ನು ಇಳಿಸಿಕೊಳ್ಳಬೇಕು.

ಬೆಟ್ಟ ಹತ್ತುವುದನ್ನು ಕಲಿಯಲು ನಮ್ಮ ಊರಿಗಿಂತ ಒಳ್ಳೆಯ ಶಾಲೆ ಸಿಗುವುದು ಕಷ್ಟ. ಹಳೆಯ ಮುಂಬೈ-ಪುಣೆ ಹೆದ್ದಾರಿಯ ಪಕ್ಕದಲ್ಲೇ ಶೇಲಾರವಾಡಿಯ ಘೋರಾವಡೇಶ್ವರದ ಗುಡ್ಡವಿದೆ, ಮೇಲೆ ಕಲ್ಲು ಕೊರೆದ ಹಳೆಯ ಗುಹೆಗಳಿವೆ. ಅತ್ತ ಸಂತ ತುಕಾರಾಮರ ನೆನಪು ಹೊತ್ತ ಭಂಡಾರ ಡೊಂಗರ. ಲೋಣಾವಳಾದ ಲೋಕಲ್ ಹಿಡಿದು ಮಳವಲಿಯಲ್ಲಿ ಇಳಿದರೆ ಭಾಜೆಯ ಗುಹೆಗಳು, ಲೋಹಗಡ, ವಿಸಾಪುರ. ಇನ್ನೂ ಮುಂದಕ್ಕೆ ತಿಕೋನಾ, ತುಂಗ್, ರಾಜಮಾಚಿ. ಭಾನುವಾರ ಬೆಳಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದಾದ ಈ ಕೋಟೆಗಳು ಕಾಲಿಗೆ ಬಲ ಕೊಡುತ್ತವೆ, ಜಾರುವ ಬಂಡೆಯ ಮೇಲೆ ಹೆಜ್ಜೆ ಇಡುವುದನ್ನು ಕಲಿಸುತ್ತವೆ, ಮಳೆಯಲ್ಲಿ ನಡೆಯುವ ಅಭ್ಯಾಸ ಮಾಡಿಸುತ್ತವೆ. ಕಾತ್ರಜದಿಂದ ಸಿಂಹಗಡದವರೆಗೆ ಒಂದೇ ರಾತ್ರಿಯಲ್ಲಿ ಗುಡ್ಡದಿಂದ ಗುಡ್ಡಕ್ಕೆ ನಡೆಯುವವರು, ರಾಜಗಡದಿಂದ ತೋರಣಾಕ್ಕೆ ಬೆಟ್ಟದ ಏಣಿನ ಮೇಲೇ ಸಾಗುವವರು ಪುಣೆಯಲ್ಲಿ ಸಾಕಷ್ಟಿದ್ದಾರೆ. ಅವರ ಕಾಲು ಎಲ್ಲಿಗೆ ಹೋದರೂ ಸೋಲುವುದಿಲ್ಲ. ಹಿಮಾಲಯದ ಯೋಜನೆಯಲ್ಲಿ ನಾವು ಎಡವುವುದು ಕಾಲನ್ನು ನಂಬಿ ಉಸಿರಿನ ಲೆಕ್ಕ ಬಿಟ್ಟುಬಿಡುವುದರಿಂದ.

ಆ ಲೆಕ್ಕ ಹೀಗಿದೆ. ದೇಹೂ ರೋಡ್ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಲೋಹಗಡದ ನೆತ್ತಿ 1,033 ಮೀಟರ್. ಮಹಾರಾಷ್ಟ್ರದ ಅತಿ ಎತ್ತರದ ಶಿಖರವಾದ ಕಳಸೂಬಾಯಿ 1,646 ಮೀಟರ್, ಕರ್ನಾಟಕದ ಮುಳ್ಳಯ್ಯನಗಿರಿ 1,900 ಮೀಟರ್ ದಾಟಿ ನಿಲ್ಲುತ್ತದೆ. ಈ ಎರಡು ರಾಜ್ಯಗಳ ಸಹ್ಯಾದ್ರಿಯ ಮೇಲ್ಮಿತಿಯೇ ಇಲ್ಲಿಗೆ ಮುಗಿಯಿತು. ಹಿಮಾಲಯದ ಅನೇಕ ಚಾರಣಗಳಲ್ಲಿ ಬಸ್ಸೋ ಜೀಪೋ ನಮ್ಮನ್ನು ಇಳಿಸುವ ಹಳ್ಳಿಯೇ 2,000 ಮೀಟರಿನ ಹತ್ತಿರ ಇರುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದರೂ ನೂರಕ್ಕೆ 21ರಷ್ಟೇ. ಮೇಲಕ್ಕೆ ಹೋದಂತೆ ಇಳಿಯುವುದು ಗಾಳಿಯ ಒತ್ತಡ. ಲೋಹಗಡದ ಮೇಲೆ ಅದು ಸಮುದ್ರಮಟ್ಟದ ಒತ್ತಡದ ಹತ್ತರಲ್ಲಿ ಒಂಬತ್ತು ಪಾಲು ಇರುತ್ತದೆ, ದೇಹಕ್ಕೆ ಗೊತ್ತೂ ಆಗುವುದಿಲ್ಲ. 3,500 ಮೀಟರಿನಲ್ಲಿ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. 5,500 ಮೀಟರಿನಲ್ಲಿ ಅರ್ಧ ಮಾತ್ರ ಉಳಿಯುತ್ತದೆ. ಒಂದೊಂದು ಉಸಿರಿಗೆ ಒಳಬರುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಸಹ್ಯಾದ್ರಿಯ ಯಾವ ಕೋಟೆಯನ್ನು ಎಷ್ಟು ಸಲ ಹತ್ತಿದರೂ ದೇಹಕ್ಕೆ ಈ ಪರಿಸ್ಥಿತಿಯ ಪರಿಚಯವೇ ಆಗಿರುವುದಿಲ್ಲ.

ದೇಹ ಇದಕ್ಕೆ ತಾನಾಗಿಯೇ ಹೊಂದಿಕೊಳ್ಳಬಲ್ಲದು. ಉಸಿರಾಟ ಆಳವಾಗುತ್ತದೆ, ಗುಂಡಿಗೆ ವೇಗವಾಗಿ ಬಡಿಯುತ್ತದೆ, ಮೂತ್ರಪಿಂಡಗಳು ರಕ್ತದ ಕ್ಷಾರಗುಣವನ್ನು ಸರಿದೂಗಿಸುತ್ತವೆ, ವಾರಗಳು ಕಳೆದಂತೆ ಕೆಂಪು ರಕ್ತಕಣಗಳು ಹೆಚ್ಚುತ್ತವೆ. ಈ ಕೆಲಸ ಗಂಟೆಗಳಲ್ಲಿ ಮುಗಿಯುವುದಿಲ್ಲ, ದಿನಗಳು ಬೇಕು. ಆ ದಿನಗಳನ್ನು ಕೊಡದೆ ಮೇಲೇರಿದರೆ ತಲೆನೋವು, ವಾಕರಿಕೆ, ಸುಸ್ತು, ತಲೆಸುತ್ತು ಶುರುವಾಗುತ್ತವೆ. ಅಲ್ಲಿಗೇ ನಿಂತರೆ ಬಹುಪಾಲು ಜನ ಒಂದೆರಡು ದಿನದಲ್ಲಿ ಸರಿಹೋಗುತ್ತಾರೆ. ಅದನ್ನು ಕಡೆಗಣಿಸಿ ಇನ್ನೂ ಮೇಲೆ ಹೋದವರಲ್ಲಿ ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಸುಮ್ಮನೆ ಕೂತಾಗಲೂ ಏದುಸಿರು ಬರುತ್ತದೆ. ಇನ್ನು ಕೆಲವರಿಗೆ ಮೆದುಳು ಊದಿಕೊಂಡು ನಡಿಗೆ ತೂರಾಡುತ್ತದೆ, ಮಾತು ತಪ್ಪುತ್ತದೆ. ಇವೆರಡೂ ಒಂದೆರಡು ದಿನದೊಳಗೆ ಪ್ರಾಣ ತೆಗೆಯಬಲ್ಲವು. ಶ್ವಾಸಕೋಶದ ಈ ತೊಂದರೆಯನ್ನು ಬಹುಕಾಲ ನ್ಯುಮೋನಿಯಾ ಎಂದೇ ತಿಳಿಯಲಾಗಿತ್ತು. ಎತ್ತರದ ಕಾರಣಕ್ಕೇ ಹೀಗಾಗುತ್ತದೆ ಎಂಬುದನ್ನು ಅಮೆರಿಕದ ವೈದ್ಯ ಚಾರ್ಲ್ಸ್ ಹ್ಯೂಸ್ಟನ್ 1960ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದ ಮೇಲೆ ವೈದ್ಯಲೋಕದ ಗಮನ ಅತ್ತ ಹರಿಯಿತು.

ಅದೇ ಹೊತ್ತಿಗೆ ನಮ್ಮ ದೇಶ ಇದನ್ನು ಬಹಳ ನೋವಿನ ದಾರಿಯಲ್ಲಿ ಕಲಿಯಿತು. ದೇಹೂ ರೋಡ್ ಸೇನೆಯ ಊರು. ಇಲ್ಲಿನ ಕಂಟೋನ್ಮೆಂಟು, ಡಿಪೊ, ಆರ್ಡ್‌ನನ್ಸ್ ಫ್ಯಾಕ್ಟರಿ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿವೆ, ಅವುಗಳ ಜೊತೆಗೇ ಈ ಊರು ಬೆಳೆದಿದೆ. ಆದ್ದರಿಂದ ಸೇನೆಯ ಈ ಪಾಠ ನಮಗೆ ಹತ್ತಿರದ್ದೇ ಆಗಬೇಕು. 1962ರ ಯುದ್ಧದಲ್ಲಿ ಬಯಲಿನಿಂದ ತರಾತುರಿಯಲ್ಲಿ ಎತ್ತರದ ಗಡಿಗೆ ಸಾಗಿಸಿದ ಸೈನಿಕರಲ್ಲಿ ಅನೇಕರು ಶತ್ರುವಿನ ಗುಂಡು ತಾಗುವ ಮೊದಲೇ ಎತ್ತರದ ಕಾಯಿಲೆಗೆ ತುತ್ತಾದರು. ಆ ವರ್ಷಗಳಲ್ಲಿ ಸೇನೆಯ ವೈದ್ಯರು ಮಾಡಿದ ಅಧ್ಯಯನ 1969ರಲ್ಲಿ ಹೊರಬಂತು. ಇಂದರ್ ಸಿಂಗ್ ಮತ್ತು ಅವರ ಸಂಗಡಿಗರು ಎತ್ತರದ ಕಾಯಿಲೆ ಬಂದ 1,925 ಭಾರತೀಯ ಸೈನಿಕರನ್ನು ಪರೀಕ್ಷಿಸಿ ಬರೆದ ಆ ಪ್ರಬಂಧವನ್ನು ಎತ್ತರದ ವೈದ್ಯಕೀಯ ಓದುವವರು ಇಂದಿಗೂ ಜಗತ್ತಿನೆಲ್ಲೆಡೆ ಉಲ್ಲೇಖಿಸುತ್ತಾರೆ. ಇಂಥ ಅನುಭವದಿಂದ ಸೇನೆ ಒಂದು ಕಟ್ಟುನಿಟ್ಟಾದ ಕ್ರಮ ರೂಪಿಸಿಕೊಂಡಿತು. 9,000ದಿಂದ 12,000 ಅಡಿಯ ನಡುವೆ ಆರು ದಿನ, ಅದರಲ್ಲಿ ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ, ಆಮೇಲೆ ಸಣ್ಣ ನಡಿಗೆ, ಆಮೇಲೆ ಸಣ್ಣ ಏರು. 12,000ದಿಂದ 15,000 ಅಡಿಗೆ ಹೋಗಬೇಕಾದರೆ ಮತ್ತೆ ನಾಲ್ಕು ದಿನ. ಅದಕ್ಕೂ ಮೇಲೆ ಹೋಗಬೇಕಾದರೆ ಇನ್ನೂ ನಾಲ್ಕು ದಿನ. ದೇಶದ ಗಡಿ ಕಾಯುವ ತುರ್ತಿರುವ ಸೇನೆಯೇ ಹದಿನಾಲ್ಕು ದಿನ ಕಾಯುತ್ತದೆ ಎಂದಮೇಲೆ, ಯಾವ ತುರ್ತೂ ಇಲ್ಲದ ನಾವು ಮೂರು ದಿನದಲ್ಲಿ ಅದೇ ಎತ್ತರ ಮುಟ್ಟುವ ಯೋಜನೆ ಹಾಕುವುದಕ್ಕೆ ಯಾವ ಸಮರ್ಥನೆಯಿದೆ?

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ನಾನು ದಿನಾ ಹತ್ತು ಕಿಲೋಮೀಟರ್ ಓಡುತ್ತೇನೆ, ವಾರಕ್ಕೊಮ್ಮೆ ಸಿಂಹಗಡ ಹತ್ತುತ್ತೇನೆ, ಈ ಮಾತು ದುರ್ಬಲರಿಗೆ ಸರಿ, ನನಗೇಕೆ? ಉತ್ತರ ಆ ಸೈನಿಕರಲ್ಲೇ ಇದೆ. ಅವರು ಆಯ್ದು ತಂದ, ಕವಾಯತು ಮಾಡಿ ಪಳಗಿದ ಆಳುಗಳು. ಅವರಿಗೇ ಈ ಕಾಯಿಲೆ ಬಂತು. ಮೈಯ ಕಸುವಿಗೂ ಎತ್ತರಕ್ಕೆ ಒಗ್ಗುವ ಗುಣಕ್ಕೂ ನೇರ ಸಂಬಂಧವಿಲ್ಲ ಎಂಬುದು ಆಮೇಲಿನ ಸಂಶೋಧನೆಗಳೂ ಒಪ್ಪಿರುವ ಮಾತು. ಕಸುವುಳ್ಳವರಿಗೆ ಒಂದು ಹೆಚ್ಚಿನ ಅಪಾಯವೂ ಇದೆ: ಅವರು ಬೇಗ ಹತ್ತುತ್ತಾರೆ, ಬೇಗ ಹತ್ತಿದವರಿಗೆ ಕಾಯಿಲೆ ಬೇಗ ಬರುತ್ತದೆ, ಬಂದ ತಲೆನೋವನ್ನು ಹೇಳಿಕೊಳ್ಳಲು ಅಭಿಮಾನ ಅಡ್ಡ ಬರುತ್ತದೆ. ಹಾಗಾದರೆ ಲೋಹಗಡ, ಸಿಂಹಗಡದ ತಾಲೀಮು ವ್ಯರ್ಥವೇ? ಖಂಡಿತ ಅಲ್ಲ. ಗಟ್ಟಿ ಕಾಲಿನವರು ದಿನದ ದಾರಿ ಮುಗಿಸಿದ ಮೇಲೂ ಶಕ್ತಿ ಉಳಿಸಿಕೊಂಡಿರುತ್ತಾರೆ, ಎಡವುವುದು ಕಡಿಮೆ, ಚಳಿಯಲ್ಲಿ ಬೇಗ ಕುಸಿಯುವುದಿಲ್ಲ, ಇಳಿಯಬೇಕಾಗಿ ಬಂದರೆ ಬೇಗ ಇಳಿಯುತ್ತಾರೆ. ತಾಲೀಮು ಬೇಕೇ ಬೇಕು, ಆದರೆ ಅದು ದಿನಗಳ ಬದಲಿಗೆ ಬರುವಂಥದ್ದಲ್ಲ.

ಈಗ ಯೋಜನೆಯ ಕಾಗದಕ್ಕೆ ಬರೋಣ. ಪರ್ವತ ವೈದ್ಯಕೀಯ ತಜ್ಞರು ಸಾಮಾನ್ಯರಿಗೆ ಹೇಳುವ ನಿಯಮ ಸರಳವಾಗಿದೆ. 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗದ ಎತ್ತರವನ್ನು ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಎರಡು ರಾತ್ರಿ ಕಳೆಯಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ರಾತ್ರಿ ಮಲಗುವ ಎತ್ತರ. ಹಗಲಲ್ಲಿ ಅದಕ್ಕಿಂತ ಮೇಲೆ ಹತ್ತಿ ಕೆಳಗಿಳಿದು ಮಲಗಿದರೆ ಒಳ್ಳೆಯದೇ. 4,500 ಮೀಟರಿನ ಒಂದು ಪಾಸ್ ದಾಟಬೇಕೆಂದಿಟ್ಟುಕೊಳ್ಳೋಣ. ಪುಣೆಯಿಂದ ರೈಲಿನಲ್ಲಿ ದಿಲ್ಲಿಯ ದಾರಿಯಾಗಿ ಬೆಟ್ಟದ ಬುಡಕ್ಕೆ ಎರಡು ದಿನ, ಅಲ್ಲಿಂದ ಜೀಪಿನಲ್ಲಿ 2,000 ಮೀಟರಿನ ಹಳ್ಳಿಗೆ ಒಂದು ದಿನ. ನಾಲ್ಕನೆಯ ರಾತ್ರಿ 2,500, ಐದನೆಯ ರಾತ್ರಿ 3,000, ಆರನೆಯ ರಾತ್ರಿ 3,400, ಏಳನೆಯ ರಾತ್ರಿ 3,800 ಮೀಟರ್. ಎಂಟನೆಯ ದಿನ ಅಲ್ಲೇ ನಿಲ್ಲುವುದು. ಒಂಬತ್ತನೆಯ ರಾತ್ರಿ 4,200. ಹತ್ತನೆಯ ದಿನ ಪಾಸ್ ದಾಟಿ ಆಚೆ ಇಳಿಯುವುದು. ಹನ್ನೊಂದನೆಯ ದಿನ ರಸ್ತೆ ಮುಟ್ಟುವುದು, ಹನ್ನೆರಡರಂದು ಜೀಪು, ಮತ್ತೆರಡು ದಿನ ರೈಲು. ಇದಕ್ಕೆ ಹವೆಗಾಗಿ ಒಂದು ಮೀಸಲು ದಿನ ಸೇರಿಸಿದರೆ ಹದಿನೈದು ದಿನ. ವಿಮಾನದಲ್ಲಿ ಹೋಗಿಬಂದರೆ ಎರಡು ದಿನ ಉಳಿಯಬಹುದು. ಇದೇ ಪಾಸನ್ನು ಒಂಬತ್ತು ದಿನದಲ್ಲಿ ಮುಗಿಸುವ ಕಾಗದ ಯಾರಾದರೂ ಕೈಗಿತ್ತರೆ, ಕತ್ತರಿ ಬಿದ್ದಿರುವುದು ಎಲ್ಲಿ ಎಂದು ಕೇಳುಗರು ಈಗ ತಾವೇ ಹೇಳಬಲ್ಲರು. ರೈಲಿನ ದಿನ ಕಡಿಮೆಯಾಗುವುದಿಲ್ಲ, ಜೀಪಿನ ದಿನ ಕಡಿಮೆಯಾಗುವುದಿಲ್ಲ. ಹೋಗುವುದು ನಿಲ್ಲುವ ದಿನ, ಮೀಸಲು ದಿನ ಮತ್ತು ನಡುವಿನ ಹಲವು ರಾತ್ರಿಗಳು.

ದಿನದೊಳಗಿನ ಗಂಟೆಗಳಿಗೂ ಇದೇ ನ್ಯಾಯ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನು ಚಾರಣಿಗರು ಇಂದಿಗೂ ಬಳಸುತ್ತಾರೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹತ್ತು ಕಿಲೋಮೀಟರ್ ದಾರಿ, 900 ಮೀಟರ್ ಏರು ಎಂದರೆ ಮೂರೂವರೆ ಗಂಟೆ. ಸಹ್ಯಾದ್ರಿಯಲ್ಲಿ ಗಟ್ಟಿಗರಿಗೆ ಇದು ಸರಿಹೊಂದಬಹುದು. 4,000 ಮೀಟರಿನ ಮೇಲೆ, ಬೆನ್ನಿಗೆ ಹೊರೆಯಿದ್ದು ಕಾಲ ಕೆಳಗೆ ಹಿಮವಿದ್ದರೆ, ಅದರ ದುಪ್ಪಟ್ಟು ಹಿಡಿದುಕೊಂಡೇ ಹೊರಡುವುದು ಜಾಣತನ. ಬೆಟ್ಟದಲ್ಲಿ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟುತ್ತದೆ, ಬಿಸಿಲಿಗೆ ಹಿಮ ಕರಗಿ ಬೆಳಗ್ಗೆ ಮೊಣಕಾಲಿಗಿದ್ದ ತೊರೆ ಸಂಜೆಗೆ ಸೊಂಟಕ್ಕೆ ಬರುತ್ತದೆ. ಆದ್ದರಿಂದ ಪಾಸ್ ದಾಟುವ ದಿನ ಬೆಳಕು ಹರಿಯುವ ಮೊದಲೇ ಹೊರಟು, ಇಂತಿಷ್ಟು ಗಂಟೆಯೊಳಗೆ ಮೇಲೆ ಮುಟ್ಟದಿದ್ದರೆ ಎಲ್ಲಿದ್ದೇವೋ ಅಲ್ಲಿಂದ ಹಿಂತಿರುಗುವುದು ಎಂದು ಹಿಂದಿನ ರಾತ್ರಿಯೇ ನಿಶ್ಚಯಿಸಿಕೊಳ್ಳಬೇಕು. ಹಿಂದೆ ಒಂದು ಮೀಸಲು ದಿನ ಇದ್ದಾಗ ಮಾತ್ರ ಆ ನಿಶ್ಚಯ ನಿಲ್ಲುತ್ತದೆ. ನಾಳೆ ಮತ್ತೆ ಪ್ರಯತ್ನಿಸಬಹುದು ಎಂದು ಗೊತ್ತಿರುವವರು ಇಂದು ಸಲೀಸಾಗಿ ತಿರುಗುತ್ತಾರೆ. ನಾಡಿದ್ದು ರೈಲು ಹಿಡಿಯಬೇಕಾದವರು ಇನ್ನೊಂದು ಗಂಟೆ, ಇನ್ನೊಂದು ತಿರುವು ಎಂದು ಮುಂದಕ್ಕೇ ಹೆಜ್ಜೆ ಇಡುತ್ತಾರೆ.

ಹವೆಯ ವಿಚಾರದಲ್ಲಿ ಕನ್ನಡ ನಾಡು ಮರೆಯಲಾಗದ ಒಂದು ದುಃಖವಿದೆ. ಉತ್ತರಾಖಂಡದ ಉತ್ತರಕಾಶಿ ಮತ್ತು ಟಿಹ್ರಿ ಜಿಲ್ಲೆಗಳ ಗಡಿಯಲ್ಲಿ, 4,000 ಮೀಟರಿಗೂ ಮೇಲೆ, ಸಹಸ್ರ ತಾಲ್ ಎಂಬ ಸರೋವರಗಳ ಗುಂಪಿದೆ. 2024ರ ಮೇ ಕೊನೆಯಲ್ಲಿ ಕರ್ನಾಟಕದಿಂದ ಅಲ್ಲಿಗೆ ಹೋದ ತಂಡದಲ್ಲಿ ಸ್ಥಳೀಯ ಮಾರ್ಗದರ್ಶಕರೂ ಸೇರಿ 22 ಜನರಿದ್ದರು. ಜೂನ್ ಮೊದಲ ವಾರದಲ್ಲಿ ಸರೋವರ ನೋಡಿ ಹಿಂತಿರುಗುವಾಗ ಅವರು ಹಿಮಗಾಳಿಗೆ ಸಿಕ್ಕರು. ಒಂಬತ್ತು ಜನ ತೀರಿಕೊಂಡರು, ಹದಿಮೂರು ಜನ ಉಳಿದರು. ವಾಯುಪಡೆ ಮತ್ತು ಉತ್ತರಾಖಂಡದ ವಿಪತ್ತು ಪಡೆಗಳು ಶೋಧಕ್ಕಿಳಿದವು, ಕರ್ನಾಟಕ ಸರ್ಕಾರದ ಸಚಿವರಾದ ಕೃಷ್ಣ ಬೈರೇಗೌಡರು ದೆಹರಾದೂನಿಗೆ ಧಾವಿಸಿ ಉಳಿದವರನ್ನೂ ಪಾರ್ಥಿವ ಶರೀರಗಳನ್ನೂ ಊರಿಗೆ ಕಳಿಸುವ ವ್ಯವಸ್ಥೆ ನೋಡಿಕೊಂಡರು. ಆ ತಂಡದ ತೀರ್ಮಾನಗಳನ್ನು ಇಲ್ಲಿ ಕೂತು ಅಳೆಯುವುದು ನ್ಯಾಯವಲ್ಲ, ನಾನು ಅದನ್ನು ಮಾಡುವುದಿಲ್ಲ. ಮುಂದೆ ಹೋಗುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ್ದು ಇಷ್ಟು: ಅದು ಚಳಿಗಾಲವಲ್ಲ, ಜೂನ್ ತಿಂಗಳು. ದೇಹೂ ರೋಡಿನಲ್ಲಿ ಮೊದಲ ಮಳೆಗೆ ಕಾಯುವ ದಿನಗಳು. ಸಾವಿರ ಮೀಟರ್ ಮೇಲೆ ಹೋದಂತೆ ಸುಮಾರು ಆರೂವರೆ ಡಿಗ್ರಿ ತಾಪ ಇಳಿಯುತ್ತದೆ. ಅದರ ಮೇಲೆ ಗಾಳಿ ಬೀಸಿ ಬಟ್ಟೆ ನೆನೆದರೆ ಮೈಯ ಬಿಸಿ ಕೆಲವೇ ಗಂಟೆಗಳಲ್ಲಿ ಸೋರಿಹೋಗುತ್ತದೆ. ಎತ್ತರದಲ್ಲಿ ರಜೆಯ ತಿಂಗಳು ಎಂಬುದು ಸುರಕ್ಷಿತ ತಿಂಗಳು ಆಗಬೇಕಾಗಿಲ್ಲ.

ಕೆಟ್ಟ ಹವೆ ಎಷ್ಟೋ ಸಲ ಮುನ್ಸೂಚನೆ ಕೊಟ್ಟೇ ಬರುತ್ತದೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದ ಬಳಿ ದಡ ಮುಟ್ಟಿತು. ಅದರ ಮೋಡಗಳು ಉತ್ತರಕ್ಕೆ ಸರಿದು 14ರಂದು ನೇಪಾಳದ ಅನ್ನಪೂರ್ಣಾ ಭಾಗದಲ್ಲಿ ಭಾರೀ ಹಿಮ ಸುರಿಸಿದವು. 5,416 ಮೀಟರಿನ ಥೋರಾಂಗ್ ಲಾ ಪಾಸ್ ದಾಟುತ್ತಿದ್ದ ಚಾರಣಿಗರು, ಕೂಲಿಗಳು, ಸುತ್ತಲಿನ ಪರ್ವತಾರೋಹಿಗಳು, ಹಳ್ಳಿಗರು ಸೇರಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಅಕ್ಟೋಬರ್ ಅಲ್ಲಿ ಎಲ್ಲಕ್ಕಿಂತ ಒಳ್ಳೆಯ ಋತು ಎಂದು ಹೆಸರಾದ ತಿಂಗಳು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿರುವುದು ದಿನಗಳ ಮೊದಲೇ ಲೋಕಕ್ಕೆ ತಿಳಿದಿತ್ತು, ಬೆಟ್ಟದ ದಾರಿಯಲ್ಲಿದ್ದ ಅನೇಕರಿಗೆ ತಿಳಿದಿರಲಿಲ್ಲ. ಇದರಿಂದ ಎರಡು ಮಾತು ಹೊರಡುತ್ತವೆ. ಹೊರಡುವ ಮುನ್ನ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಬೇಕು, ದಾರಿಯಲ್ಲಿ ಮೊಬೈಲು ಸಿಗ್ನಲ್ ಸಿಕ್ಕ ಕೊನೆಯ ಹಳ್ಳಿಯಲ್ಲಿ ಮತ್ತೆ ನೋಡಬೇಕು. ಆದರೆ ಮುನ್ಸೂಚನೆ ತಿಳಿದರಷ್ಟೇ ಸಾಲದು. ನಾಳೆ ಹಿಮ ಬೀಳುತ್ತದೆ ಎಂದು ತಿಳಿದ ಮೇಲೂ ನಿಲ್ಲಲು ದಿನವೇ ಇಲ್ಲದವರಿಗೆ ಆ ತಿಳಿವಳಿಕೆಯಿಂದ ಏನು ಪ್ರಯೋಜನ?

ಎರಡನೆಯ ಆಕ್ಷೇಪ ನ್ಯಾಯವಾದದ್ದು. ಹದಿನೈದು ದಿನ ರಜೆ ಕೊಡುವವರು ಯಾರು? ಪಿಂಪ್ರಿ, ಚಾಕಣದ ಕಾರ್ಖಾನೆಗಳಲ್ಲಿ ಪಾಳಿಯಲ್ಲಿ ದುಡಿಯುವವರಿಗೆ, ಹಿಂಜವಡಿಯ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಒಂದು ವಾರವೇ ದೊಡ್ಡದು. ಊರಿನ ಜಾತ್ರೆಗೆ, ಮದುವೆಗೆ, ಕಲಬುರಗಿಯಲ್ಲೋ ವಿಜಯಪುರದಲ್ಲೋ ಇರುವ ತಂದೆತಾಯಿಯನ್ನು ನೋಡಿಬರಲಿಕ್ಕೆ ಎಂದು ಅದನ್ನೂ ಹಂಚಬೇಕು. ಈ ಕಷ್ಟ ನಿಜ. ಆದರೆ ಇದರಿಂದ ಹೊರಡುವ ತೀರ್ಮಾನ ಬೇರೆ. ಒಂಬತ್ತು ದಿನ ಇರುವವರಿಗೆ ಒಂಬತ್ತು ದಿನಕ್ಕೆ ಒಪ್ಪುವ ಹಿಮಾಲಯವೂ ಇದೆ. ಉತ್ತರಾಖಂಡದ ಹೂಕಣಿವೆಯನ್ನು ನೋಡಿ. ಜೂನ್ ಒಂದರಿಂದ ಅಕ್ಟೋಬರ್ ಕೊನೆಯವರೆಗೆ ತೆರೆದಿರುವ, 2005ರಲ್ಲಿ ವಿಶ್ವ ಪರಂಪರೆಗೆ ಸೇರಿದ ಈ ಕಣಿವೆಗೆ ಹೋಗುವವರು ಜೋಶಿಮಠದಲ್ಲಿ 1,900 ಮೀಟರಿನ ಹತ್ತಿರ ಒಂದು ರಾತ್ರಿ ಕಳೆಯುತ್ತಾರೆ, ಆಮೇಲಿನ ರಾತ್ರಿಗಳನ್ನು 3,000 ಮೀಟರಿನ ಆಸುಪಾಸಿನ ಘಾಂಗರಿಯಾದಲ್ಲಿ ಕಳೆಯುತ್ತಾರೆ. ಅಲ್ಲಿಂದ ಹಗಲಲ್ಲಿ ಕಣಿವೆಗೆ ಹೋಗಿಬರಬಹುದು. ಮೈ ಒಗ್ಗಿದವರು ಇನ್ನೊಂದು ದಿನ 4,000 ಮೀಟರ್ ದಾಟಿದ ಹೇಮಕುಂಡಕ್ಕೂ ಹತ್ತಿ, ಕೆಳಗಿಳಿದು ಮಲಗಬಹುದು. ಹರ್ ಕೀ ದೂನ್ 3,566 ಮೀಟರಿನ ಕಣಿವೆ, ಅಲ್ಲಿಗೆ ದಾರಿ ನದಿಯ ಜೊತೆಜೊತೆಗೆ ನಿಧಾನವಾಗಿ ಏರುತ್ತದೆ. ವಿಮಾನದಲ್ಲಿ ಹೋಗಿಬಂದರೆ ಇಂಥ ಕಡೆ ಒಂಬತ್ತು ದಿನದೊಳಗೇ ಒಂದು ಮೀಸಲು ದಿನವನ್ನೂ ಹಿಡಿಸಬಹುದು. ದೊಡ್ಡ ಪಾಸ್ ಬೇಕೇ ಬೇಕೆಂದರೆ ಎರಡು ವರ್ಷದ ರಜೆ ಕೂಡಿಟ್ಟು ಹೋಗುವುದು ಸರಿಯಾದ ದಾರಿ. ಬೆಟ್ಟ ಅಲ್ಲೇ ಇರುತ್ತದೆ.

ಮೂರನೆಯ ಆಕ್ಷೇಪ ಹಣದ್ದು. ಒಂದು ದಿನ ಹೆಚ್ಚೆಂದರೆ ಮಾರ್ಗದರ್ಶಕರು, ಅಡುಗೆಯವರು, ಕೂಲಿಗಳು, ಹೇಸರಗತ್ತೆಗಳು, ಡೇರೆ, ಊಟ ಎಲ್ಲಕ್ಕೂ ಒಂದು ದಿನದ ಹಣ ಹೆಚ್ಚು. ಚಾರಣದ ಕಂಪನಿಗಳು ಬಫರ್ ಡೇ ಎಂದು ಕರೆಯುವ ಈ ದಿನಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಹಣ ಕೇಳುತ್ತವೆ. ಅದು ತಪ್ಪೇನಲ್ಲ. ಆದರೆ ಆ ಹಣವನ್ನು ಮನೆಯಲ್ಲೇ ಎತ್ತಿಟ್ಟುಕೊಂಡು ಹೊರಡುವುದಕ್ಕೂ, ಹಿಮ ಬೀಳುವ ಹೊತ್ತಿನಲ್ಲಿ ಡೇರೆಯೊಳಗೆ ಕೂತು ತಲೆಗೆಷ್ಟು ಎಂದು ಚರ್ಚಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ತಂಡದಲ್ಲಿ ಕೈ ಬಿಗಿಯಿರುವವರು ಒಬ್ಬರಿದ್ದರೂ ಅಲ್ಲಿ ತೀರ್ಮಾನ ವಾಲುವುದು ಮುಂದೆ ನಡೆಯುವ ಕಡೆಗೇ. ಮೊದಲೇ ಎಲ್ಲರೂ ಕೂಡಿಟ್ಟು, ದಿನ ಬಳಕೆಯಾಗದಿದ್ದರೆ ಹಂಚಿಕೊಳ್ಳುವುದು ಒಳ್ಳೆಯ ಕ್ರಮ. ಹಿಂದಿರುಗುವ ಟಿಕೆಟ್ಟಿಗೂ ಇದನ್ನೇ ಅನ್ವಯಿಸಬೇಕು. ರೈಲಿನ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ. ಅಂದು ಟಿಕೆಟ್ಟು ಕೊಳ್ಳುವಾಗ ಮೀಸಲು ದಿನವನ್ನು ಸೇರಿಸಿಯೇ ತಾರೀಕು ಹಾಕಬೇಕು. ಒಂದು ದಿನ ಮೊದಲೇ ಕೆಳಗಿಳಿದರೆ ಹರಿದ್ವಾರದಲ್ಲೋ ದೆಹರಾದೂನಿನಲ್ಲೋ ಸುಖವಾಗಿ ಕಳೆಯಬಹುದು. ಇನ್ನು ಹೊರೆ ಹೊರುವವರ ಮಾತು. ಗಢವಾಲದ, ನೇಪಾಳದ ಈ ಜನಕ್ಕೆ ಎತ್ತರದ ಕಾಯಿಲೆ ಬರುವುದೇ ಇಲ್ಲ ಎಂಬ ನಂಬಿಕೆ ಸುಳ್ಳು. ತಗ್ಗಿನ ಹಳ್ಳಿಗಳಿಂದ ಕೂಲಿಗೆ ಬಂದವರಿಗೆ ಅದು ನಮ್ಮಷ್ಟೇ ಬರಬಹುದು, ಕೂಲಿ ತಪ್ಪೀತೆಂಬ ಭಯಕ್ಕೆ ಅವರು ಹೇಳಿಕೊಳ್ಳುವುದಿಲ್ಲ. ನಿಲ್ಲುವ ದಿನಕ್ಕೂ ಪೂರ್ತಿ ಕೂಲಿ ಎಂದು ಮೊದಲೇ ಮಾತಾಗಿದ್ದರೆ ಅವರ ಜೀವವೂ ಉಳಿಯುತ್ತದೆ.

ನಾಲ್ಕನೆಯದು ನಾವು ಹೆಚ್ಚಾಗಿ ಕೇಳುವ ಮಾತು: ಇದೆಲ್ಲ ನಾವೇಕೆ ನೋಡಬೇಕು, ಕಂಪನಿಗೆ ಹಣ ಕೊಟ್ಟಿದ್ದೇವೆ, ಯೋಜನೆ ಅವರದು. ಅನುಭವಿಗಳಾದ ಆಯೋಜಕರು ಇದ್ದಾರೆ, ಅವರ ಮಾರ್ಗದರ್ಶಕರು ಎಷ್ಟೋ ಜೀವ ಉಳಿಸಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಬ್ಯಾಚುಗಳ ಏರ್ಪಾಡಿನ ಒಳಗನ್ನು ಸ್ವಲ್ಪ ನೋಡಬೇಕು. ಇಂದು ನಾವು ಬಿಟ್ಟ ಡೇರೆಗೆ ನಾಳೆ ಹಿಂದಿನ ಬ್ಯಾಚು ಬರುತ್ತದೆ. ನಾವು ಒಂದು ದಿನ ನಿಂತರೆ ಡೇರೆ, ಅನ್ನ, ಅಡುಗೆಯ ಅನಿಲ ಎಲ್ಲಕ್ಕೂ ಎರಡು ತಂಡದ ಬೇಡಿಕೆ. ಒಬ್ಬ ಮಾರ್ಗದರ್ಶಕ ಎಷ್ಟೇ ಜಾಗರೂಕನಾಗಿದ್ದರೂ ಈ ಸರಪಳಿ ಅವನನ್ನು ಮುಂದಕ್ಕೆ ತಳ್ಳುತ್ತದೆ. ಆದ್ದರಿಂದ ಹಣ ಕಟ್ಟುವ ಮೊದಲೇ ಕೆಲವು ಪ್ರಶ್ನೆ ಕೇಳಬೇಕು. ಪ್ರತಿ ರಾತ್ರಿ ಮಲಗುವ ಎತ್ತರ ಎಷ್ಟು? ನಿಲ್ಲುವ ದಿನ ಎಲ್ಲಿದೆ? ಮೀಸಲು ದಿನ ಬಳಸಿದರೆ ಹಿಂದಿನ ಬ್ಯಾಚಿನ ವ್ಯವಸ್ಥೆ ಏನು? ಒಬ್ಬರು ಕಾಯಿಲೆ ಬಿದ್ದರೆ ಅವರ ಜೊತೆ ಕೆಳಗಿಳಿಯುವ ಸಿಬ್ಬಂದಿ ಯಾರು, ಉಳಿದವರ ಜೊತೆ ಯಾರು? ಎತ್ತರದ ಪ್ರತಿ ಬಿಡಾರದಿಂದ ರಸ್ತೆಗೆ ಎಷ್ಟು ಗಂಟೆಯ ದಾರಿ? ಆಮ್ಲಜನಕದ ಸಿಲಿಂಡರು ಜೊತೆಯಲ್ಲಿದೆಯೇ? ಮೊಬೈಲು ಸಿಗದ ಕಡೆ ಸುದ್ದಿ ಮುಟ್ಟಿಸುವುದು ಹೇಗೆ? ನಮ್ಮ ದೇಶದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಉಪಗ್ರಹ ಫೋನು ಬಳಸುವಂತಿಲ್ಲ, ಆದ್ದರಿಂದ ಈ ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಬೇಕು. ಇವಕ್ಕೆ ಬೇಸರಪಡದೆ ಉತ್ತರ ಕೊಡುವವರ ಜೊತೆ ಧೈರ್ಯವಾಗಿ ಹೋಗಬಹುದು.

ಮಾತ್ರೆ ಇದೆಯಲ್ಲ, ಹೆಲಿಕಾಪ್ಟರ್ ಇದೆಯಲ್ಲ ಎನ್ನುವವರೂ ಇದ್ದಾರೆ. ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಅಸೆಟಜೋಲಮೈಡ್ ಎತ್ತರಕ್ಕೆ ಒಗ್ಗುವುದನ್ನು ಚುರುಕುಗೊಳಿಸುವುದು ನಿಜ. ವೈದ್ಯರ ಸಲಹೆ ಪಡೆದು ಬಳಸುವುದರಲ್ಲಿ ತಪ್ಪಿಲ್ಲ. ಸಲ್ಫಾ ಔಷಧಗಳು ಒಗ್ಗದವರು, ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಆದರೆ ಅದು ಒಗ್ಗುವಿಕೆಗೆ ಸಹಾಯಕ, ಕಡಿಮೆ ದಿನದಲ್ಲಿ ಹೆಚ್ಚು ಎತ್ತರ ಮುಟ್ಟಲು ಸಿಕ್ಕ ಪರವಾನಗಿ ಅಲ್ಲ. ಕೈಯಲ್ಲಿ ಹಿಡಿಯುವ ಚಿಕ್ಕ ಆಮ್ಲಜನಕದ ಡಬ್ಬಿ ಕೆಲವೇ ನಿಮಿಷಗಳಲ್ಲಿ ಖಾಲಿಯಾಗುತ್ತದೆ. ಹೆಲಿಕಾಪ್ಟರ್ ಹಾರಬೇಕಾದರೆ ಆಕಾಶ ತಿಳಿಯಾಗಿರಬೇಕು, ನಮಗೆ ಅದು ಬೇಕಾಗುವುದು ಆಕಾಶ ಕವಿದಿರುವಾಗಲೇ. ಎತ್ತರದ ಕಾಯಿಲೆಗೆ ಖಚಿತವಾದ ಚಿಕಿತ್ಸೆ ಕೆಳಗಿಳಿಯುವುದು, ಅದಕ್ಕೂ ಬೇಕಾದದ್ದು ದಿನ. ವಿಮಾನದಲ್ಲಿ 3,500 ಮೀಟರಿನ ಲೇಹ್‌ನಲ್ಲಿ ಇಳಿಯುವವರಿಗೆ ಮೊದಲ ಎರಡು ದಿನ ಎಲ್ಲಿಗೂ ಹೋಗಬೇಡಿ ಎಂದು ಹೇಳುವುದು ದೇಹ ಒಗ್ಗಲು ದಿನ ಬೇಕೆಂಬ ಕಾರಣಕ್ಕೇ. 3,888 ಮೀಟರಿನ ಅಮರನಾಥಕ್ಕೆ ಹೋಗುವವರು ವೈದ್ಯರ ಪ್ರಮಾಣಪತ್ರ ತರಲೇಬೇಕೆಂಬ ನಿಯಮವಿದೆ. ಲಿಪುಲೇಖದ ದಾರಿಯಲ್ಲಿ ಸರ್ಕಾರ ನಡೆಸುವ ಕೈಲಾಸ ಮಾನಸಸರೋವರ ಯಾತ್ರೆಯಲ್ಲಿ ದಿಲ್ಲಿಯ ಪರೀಕ್ಷೆ ಮುಗಿದ ಮೇಲೂ ದಾರಿಯ ಗುಂಜಿಯಲ್ಲಿ ಮತ್ತೊಮ್ಮೆ ವೈದ್ಯರು ನೋಡುತ್ತಾರೆ, ಒಗ್ಗದವರನ್ನು ಹಿಂದಕ್ಕೆ ಕಳಿಸುತ್ತಾರೆ. ಚಾರಣಕ್ಕೆ ಹೋಗುವವರಿಗೆ ಇಂಥ ಯಾವ ಅಡ್ಡಗಟ್ಟೂ ಬಹುಪಾಲು ದಾರಿಗಳಲ್ಲಿಲ್ಲ. ಆದ್ದರಿಂದ ಅದನ್ನು ನಮ್ಮ ಕಾಗದದಲ್ಲಿ ನಾವೇ ಹಾಕಿಕೊಳ್ಳಬೇಕು.

ಕೊನೆಯ ಆಕ್ಷೇಪ ಭಾವನೆಯದ್ದು, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಇಷ್ಟೆಲ್ಲ ಲೆಕ್ಕ ಹಾಕಿದರೆ ಸಾಹಸದ ಸಂತೋಷ ಎಲ್ಲಿ ಉಳಿಯಿತು ಎಂದು ಕೇಳುವ ಯುವಕರಿಗೆ ನಮ್ಮ ಊರಿನ ದಾರಿಯಲ್ಲೇ ಉತ್ತರವಿದೆ. ಪ್ರತಿ ವರ್ಷ ದೇಹೂವಿನಿಂದ ಹೊರಡುವ ತುಕಾರಾಮರ ಪಾಲಖಿ ನಿಗಡಿ, ಆಕುರ್ಡಿಯ ಮಾರ್ಗವಾಗಿ ಪಂಢರಪುರಕ್ಕೆ ಹೋಗುತ್ತದೆ. ಅವರ ಮಗ ನಾರಾಯಣ ಮಹಾರಾಜರು 1685ರಲ್ಲಿ ಆರಂಭಿಸಿದರೆಂದು ಹೇಳುವ ಈ ವಾರಿ ಪಾದಯಾತ್ರೆಯಲ್ಲಿ ಲಕ್ಷಾಂತರ ಜನ ನಡೆಯುತ್ತಾರೆ, ಗಡಿಯಾಚೆಯ ಕನ್ನಡ ಜಿಲ್ಲೆಗಳಿಂದಲೂ ವಿಠ್ಠಲನ ಭಕ್ತರು ಪಂಢರಪುರ ಸೇರುತ್ತಾರೆ. ಮೂರು ವಾರದ ಹತ್ತಿರದ ಆ ನಡಿಗೆಯಲ್ಲಿ ಪ್ರತಿ ರಾತ್ರಿಯ ಮುಕ್ಕಾಂ, ಮಧ್ಯಾಹ್ನದ ವಿಶ್ರಾಂತಿಯ ವಿಸಾವಾ ಮೊದಲೇ ಗೊತ್ತಾಗಿರುತ್ತವೆ. ಹೊರಟು ಮೂರು ದಿನವಾಗುವಷ್ಟರಲ್ಲೇ ಪಾಲಖಿ ಪುಣೆಯಲ್ಲಿ ಎರಡು ರಾತ್ರಿ ತಂಗುತ್ತದೆ. ಈ ಲೆಕ್ಕಾಚಾರ ಭಕ್ತಿಯನ್ನು ಕುಂದಿಸಿಲ್ಲ. ಮುದುಕರೂ ಮಕ್ಕಳನ್ನೆತ್ತಿಕೊಂಡ ತಾಯಂದಿರೂ ಗುರಿ ಮುಟ್ಟುವುದು ಅದರಿಂದಲೇ. ದೊಡ್ಡ ಪರ್ವತಾರೋಹಣದಲ್ಲೂ ಇದನ್ನೇ ಕಾಣುತ್ತೇವೆ. ಪುಣೆಯ ಗಿರಿಪ್ರೇಮಿ ಸಂಸ್ಥೆಯ ತಂಡ 2012ರಲ್ಲಿ ಎವರೆಸ್ಟ್ ಏರಿತು. ಎವರೆಸ್ಟ್ ಏರುವ ತಂಡಗಳು ಸಾಮಾನ್ಯವಾಗಿ ಎರಡು ತಿಂಗಳ ಹತ್ತಿರ ಬೆಟ್ಟದಲ್ಲೇ ಇದ್ದು, ಮೇಲಿನ ಬಿಡಾರಗಳಿಗೆ ಹತ್ತಿ ಇಳಿದು, ಹವೆ ತೆರೆಯುವ ಕೆಲವೇ ದಿನಗಳಿಗೆ ಕಾಯುತ್ತವೆ. ಅತಿ ದೊಡ್ಡ ಸಾಹಸಿಗಳ ಯೋಜನೆಯಲ್ಲೇ ಕಾಯುವ ದಿನ ಅತಿ ಹೆಚ್ಚು. ನಿಂತ ದಿನ ಬರಿದಾಗುವುದೂ ಇಲ್ಲ. ಓಡುವ ಕಣ್ಣಿಗೆ ತಪ್ಪಿಹೋಗುವ ಹಕ್ಕಿ, ಹೂವು, ಕುರಿಗಾಹಿಗಳ ಮಾತು, ಸಂಜೆಯ ಬೆಳಕು ಆ ದಿನ ನಮಗೆ ದಕ್ಕುತ್ತವೆ.

ಆದ್ದರಿಂದ ಒಂದು ಕೋರಿಕೆಯೊಂದಿಗೆ ಮಾತು ಮುಗಿಸುತ್ತೇನೆ. ನಮ್ಮ ಕನ್ನಡ ಸಂಘಗಳು, ಕಾರ್ಖಾನೆಗಳ ಚಾರಣ ಕೂಟಗಳು, ಕಾಲೇಜಿನ ಗೆಳೆಯರ ಬಳಗಗಳು ಮುಂದಿನ ಹಂಗಾಮಿಗೆ ಹೊರಡಿಸುವ ಪ್ರಕಟಣೆಯಲ್ಲಿ ಶಿಖರದ ಹೆಸರು ಮತ್ತು ಖರ್ಚಿನ ಜೊತೆಗೆ ಎರಡು ಸಾಲು ಹೆಚ್ಚಾಗಿ ಬರೆಯಲಿ: ಪ್ರತಿ ರಾತ್ರಿ ಮಲಗುವ ಎತ್ತರ, ನಿಲ್ಲುವ ಮತ್ತು ಮೀಸಲು ದಿನಗಳ ಸಂಖ್ಯೆ. ಆ ಎರಡು ಸಾಲು ಇಲ್ಲದ ಪ್ರಕಟಣೆಗೆ ಹೆಸರು ಕೊಡುವ ಮೊದಲು ಪ್ರತಿಯೊಬ್ಬರೂ ಅವನ್ನು ಕೇಳಿ ಪಡೆಯಲಿ. ಮಕ್ಕಳನ್ನು ಕಳಿಸುವ ತಂದೆತಾಯಿ ಜಾಕೆಟ್ಟಿನ ದಪ್ಪ ಮುಟ್ಟಿ ನೋಡುವ ಹಾಗೆಯೇ ಈ ದಿನಗಳನ್ನೂ ಎಣಿಸಿ ನೋಡಲಿ. ಮೀಸಲು ದಿನ ಬಳಸಿ ಪಾಸ್ ದಾಟದೆ ಹಿಂದಿರುಗಿದ ತಂಡವನ್ನು ಸೋತವರೆಂದು ಕಾಣದೆ, ಯೋಜನೆಯನ್ನು ಸರಿಯಾಗಿ ನಡೆಸಿದವರೆಂದು ನಾವು ಗೌರವಿಸಬೇಕು. ಆ ಗೌರವ ಊರಿನಲ್ಲಿ ಕಾದಿದೆ ಎಂದು ತಿಳಿದಿದ್ದರೆ, ಬೆಟ್ಟದ ಮೇಲೆ ಹಿಂತಿರುಗುವ ಮಾತನ್ನು ಮೊದಲು ಆಡಲು ತಂಡದ ಅತಿ ಕಿರಿಯ ಸದಸ್ಯನಿಗೂ ಧೈರ್ಯ ಬರುತ್ತದೆ.